ಮೊದಲು ಮಲಗಿದವರು ಯಾರು

ಜೋಗುಪಾಳ್ಯ

ಹೊರಟ ದಿನ ಮಾಡಿದ ಕೆಲಸಗಳು ಇವು. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕಾಯಿಸಿದೆ. ಅತ್ತೆಯ ಬಿ.ಪಿ. ಮಾತ್ರೆಗಳನ್ನು ಹನ್ನೆರಡು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಒಂದೊಂದರ ಮೇಲೂ ವಾರದ ಹೆಸರು ಬರೆದೆ. ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿದೆ. ಮೂಲೆಯ ಇಸ್ತ್ರಿ ಗಾಡಿಯಿಂದ ನಾಲ್ಕು ಚೂಡಿದಾರ ತಂದೆ. ದೋಸೆ ಹಿಟ್ಟು ರುಬ್ಬಿ ಎರಡು ಡಬ್ಬಿಗೆ ಹಾಕಿ, ಯಾವುದನ್ನು ಮೊದಲು ಮುಗಿಸಬೇಕೆಂದು ನಮ್ಮನೆಯವರಿಗೆ ತೋರಿಸಿದೆ. ಇವುಗಳ ನಡುವೆ ಫೋನು ತೆಗೆದು ನೋಡಿದ್ದು ಎಷ್ಟು ಸಲವೋ ನೆನಪಿಲ್ಲ. ರೆನಾಟೆಯಿಂದ ಉತ್ತರ ಬಂದಿರಲಿಲ್ಲ.

ದಿನದ ಕೆಲಸವನ್ನು ಹೀಗೆ ಐದರ ಪಟ್ಟಿ ಮಾಡುವ ಚಟ ನನಗೆ ಅಂಟಿದ್ದು ಜರ್ಮನ್ ಭಾಷೆಯಿಂದ. ಕೆ.ಆರ್. ಪುರದ ಆಚೆ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಯಾವ ವಾಷರ್ ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಾಲ್ಕು ವರ್ಷದ ಹಿಂದೆ ಮಾಲೀಕರು ಜರ್ಮನಿಯಿಂದ ಒಂದು ಹಳೆಯ ಗ್ರೈಂಡಿಂಗ್ ಯಂತ್ರ ತರಿಸಿದರು. ಅದರ ಜೊತೆ ಬಂದ ಪುಸ್ತಕಗಳೆಲ್ಲ ಜರ್ಮನ್ನಿನಲ್ಲಿದ್ದವು. "ಮೇಡಂ, ನಮ್ಮಲ್ಲಿ ತಾಳ್ಮೆ ಇರೋದು ನಿಮಗೊಬ್ಬರಿಗೇ, ನೀವೇ ಕಲ್ತುಬಿಡಿ" ಎಂದರು. ಇಂದಿರಾನಗರದಲ್ಲಿ ಸಂಜೆಯ ತರಗತಿಗೆ ಆರು ತಿಂಗಳು ಹೋದೆ. ಕಲಿಸುತ್ತಿದ್ದ ಹುಡುಗಿ ಕೊನೆಗೆ ಹೇಳಿದ್ದು ಒಂದೇ ಮಾತು: ಇನ್ನು ಫೋನಿನಲ್ಲಿ ಆ ಭಾಷೆಯವರೊಬ್ಬರನ್ನು ಹುಡುಕಿಕೊಂಡು ದಿನಾ ಬರೆಯಿರಿ.

ಹಾಗೆ ಸಿಕ್ಕವಳು ರೆನಾಟೆ. ಕೆಮ್ನಿಟ್ಸ್ ಎಂಬ ಊರಿನವಳು, ನನಗಿಂತ ಆರು ವರ್ಷ ದೊಡ್ಡವಳು, ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸ. ಆಗ ಅದು ಪೂರ್ವ ಜರ್ಮನಿ, ಶಾಲೆಯಲ್ಲಿ ಅವಳಿಗೆ ರಷ್ಯನ್ ಕಲಿಸಿದ್ದರಂತೆ. ಈಗ ಕಿಟಕಿಗೆ ಬರುವ ಹೊರದೇಶದವರ ಜೊತೆ ಮಾತಾಡಲು ಇಂಗ್ಲಿಷ್ ಬೇಕಾಗಿತ್ತು. ನಾನು ಜರ್ಮನ್ನಿನಲ್ಲಿ ಬರೆಯುವುದು, ಅವಳು ಇಂಗ್ಲಿಷಿನಲ್ಲಿ. ನಿಯಮ ಮಾಡಿದವಳು ನಾನೇ. ದಿನಕ್ಕೆ ಐದು ಕೆಲಸ, ಏನು ಊಟ, ಮನೆಯಲ್ಲಿ ಮೊದಲು ಮಲಗಿದವರು ಯಾರು. ಓದಿದವರು ಮೊದಲು ತಪ್ಪು ತಿದ್ದಿ ಕಳಿಸಬೇಕು, ಮಿಕ್ಕ ಮಾತೆಲ್ಲ ಆಮೇಲೆ. ಮೊದಲ ವಾರ ಬರೆಯಲು ಬೇರೇನೂ ತೋಚದೆ "ಅತ್ತೆ ಎಂಟಕ್ಕೆ ಮಲಗಿದರು" ಎಂದು ಸೇರಿಸಿದ್ದೆ. ಅವಳು "ನನ್ನ ತಾಯಿ ಏಳೂವರೆಗೆ" ಎಂದು ಬರೆದಳು. ಅಂದಿನಿಂದ ಮೂರು ವರ್ಷ ಇಬ್ಬರು ಮುದುಕಿಯರ ನಡುವೆ ನಾವು ಪಂದ್ಯ ನಡೆಸಿದೆವು. ಅತ್ತೆಗೂ ಇದು ಗೊತ್ತಿತ್ತು. ರೆನಾಟೆ ಎನ್ನಲು ನಾಲಿಗೆ ಹೊರಳದೆ "ರತ್ನಮ್ಮನ ತಾಯಿ ನಿನ್ನೆ ಎಷ್ಟೊತ್ಗೆ ಮಲಗಿದ್ರಂತೆ?" ಎಂದು ಕಾಫಿ ಕುಡಿಯುತ್ತಾ ಕೇಳುತ್ತಿದ್ದರು.

ನಾನು ತಪ್ಪು ಮಾಡಿದ್ದು ವರ್ಷದ ದಾಸ್ತಾನು ಎಣಿಸುವ ದಿನ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತುಬಿಟ್ಟಿತ್ತು. ಕಂಬಿ ಹಿಡಿದು ನಿಂತೇ ರೆನಾಟೆಯ ಪಟ್ಟಿ ತೆರೆದೆ. ಅವಳು ಬರೆದಿದ್ದು ಇಷ್ಟು: ತಾಯಿಯ ನೈಟಿಗಳಿಗೆಲ್ಲ ಹೆಸರಿನ ಪಟ್ಟಿ ಹೊಲಿದೆ. ಅವಳ ಲೋಟ ಕಾಗದದಲ್ಲಿ ಸುತ್ತಿದೆ. ಟ್ಯಾಕ್ಸಿ ಕರೆದೆ. ವೃದ್ಧಾಶ್ರಮದಲ್ಲಿ ಎಂಟು ಕಡೆ ಸಹಿ ಹಾಕಿದೆ. ಮನೆಗೆ ಬಂದು ಅವಳ ಹಾಸಿಗೆ ಮಗುಚಿ ಹಾಕಿದೆ. ಊಟ: ಬ್ರೆಡ್. ಪಟ್ಟಿ ಅಲ್ಲಿಗೇ ನಿಂತಿತ್ತು. ನಾನು ಮೂರು ತಪ್ಪು ತಿದ್ದಿದೆ. ಕೆಳಗೆ ಬರೆದೆ: "ಕೊನೆಯ ಸಾಲು ಬಿಟ್ಟುಹೋಗಿದೆ. ಬರೆದು ಕಳಿಸು." ಬಸ್ಸು ಹೊರಟಿತು. ಇಡೀ ದಿನ ಬೋಲ್ಟು ಎಣಿಸಿದೆ. ಮನೆಗೆ ಬಂದು ಎಂದಿನಂತೆ ನನ್ನ ಪಟ್ಟಿ ಕಳಿಸಿ, ಅತ್ತೆ ಎಂಟಕ್ಕೆ ಮಲಗಿದರು ಎಂದೂ ಸೇರಿಸಿದೆ.

ಮರುದಿನ ಅವಳ ಪಟ್ಟಿ ಬರಲಿಲ್ಲ. ಹಿಂದಿನದನ್ನು ಮತ್ತೆ ತೆಗೆದು ನೋಡಿದಾಗಲೇ ನಾನು ಅದನ್ನು ಓದಿದ್ದು.

ಆಮೇಲೆ ಕಳಿಸಿದ ಕ್ಷಮೆಗಳು ಒಂದೆರಡಲ್ಲ. ಪ್ರತಿಯೊಂದರ ಕೆಳಗೂ ಎರಡು ನೀಲಿ ಗೆರೆ ಮೂಡುತ್ತಿತ್ತು. ಓದುತ್ತಿದ್ದಾಳೆ, ಉತ್ತರ ಇಲ್ಲ. ಇಷ್ಟರಲ್ಲಿ ಯಂತ್ರದ ತರಬೇತಿಗೆಂದು ಮಾಲೀಕರು ನನ್ನನ್ನೂ ಹಿರಿಯ ಫಿಟ್ಟರ್ ಸೆಲ್ವಣ್ಣನನ್ನೂ ಜರ್ಮನಿಗೆ ಕಳಿಸುವುದೆಂದಾಯಿತು. ತರಬೇತಿಯ ಊರಿನಿಂದ ಕೆಮ್ನಿಟ್ಸ್‌ಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಯಂತ್ರ ಯಾರಿಗೆ ಬೇಕಿತ್ತೋ, ನನಗೆ ಆ ಮುಕ್ಕಾಲು ಗಂಟೆ ಬೇಕಿತ್ತು.

ಅತ್ತೆ ಒಂದು ಡಬ್ಬಿ ಕೋಡುಬಳೆ ಕೊಟ್ಟರು. "ರತ್ನಮ್ಮನ ತಾಯಿಗೆ ಹಲ್ಲಿದ್ಯಾ? ಒಂದ್ಸಲ ಕೇಳು."

"ಕೇಳಿದ್ರೆ ಉತ್ತರ ಬರ್ಬೇಕಲ್ಲ ಅತ್ತೆ."

"ಹಂಗಾದ್ರೆ ನೋಡ್ಕೊಂಡೇ ಬಾ" ಎಂದರು.

ಆಕಾಶದಲ್ಲಿ

ಸೆಲ್ವಣ್ಣ ಹಲಸೂರಿನವರು. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಯಂತ್ರದ ಜೊತೆ ಎರಡೂ ಅಲ್ಲದ ಒಂದು ಗೊಣಗಾಟ. ವಿಮಾನದಲ್ಲಿ ಕೂತ ಕೂಡಲೇ ಬೆಲ್ಟು ಬಿಗಿದುಕೊಂಡವರು ಫ್ರಾಂಕ್‌ಫರ್ಟ್ ಬರುವವರೆಗೂ ಬಿಚ್ಚಲಿಲ್ಲ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೇಳಬೇಕಾದ ನಾಲ್ಕು ವಾಕ್ಯ ಚೀಟಿಯಲ್ಲಿ ಬರೆದುಕೊಂಡಿದ್ದೆ. ತುಟಿ ಅಲ್ಲಾಡಿಸುತ್ತಾ ಉರು ಹೊಡೆಯುವುದು, ನಡುವಿನ ದಾರಿಯಲ್ಲಿ ಎರಡು ಸುತ್ತು ಹಾಕುವುದು, ಮತ್ತೆ ಬಂದು ಕೂರುವುದು.

"ಮೇಡಂ, ಸ್ತೋತ್ರನಾ?" ಎಂದರು ಸೆಲ್ವಣ್ಣ.

ವಿಷಯ ಹೇಳಿದೆ. ಅವರು ತಮ್ಮ ಬೆರಳಿನ ಹಳೆಯ ಕಲೆ ತೋರಿಸಿದರು. "ನೀವು ಸ್ಟೋರಲ್ಲೂ ಹಂಗೇ ಅಲ್ವಾ. ನನ್ ಬೆರಳು ಕಟ್ ಆಗಿ ರಕ್ತ ಸುರೀತಿರೋವಾಗ ಬಟ್ಟೆ ಕೇಳಕ್ಕೆ ಬಂದೆ. ಸ್ಲಿಪ್ಪಲ್ಲಿ ಸೈನ್ ಹಾಕಿ ಅಂದ್ರಿ."

"ಆಮೇಲೆ ನಾನೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ವಾ?"

"ಹೋದ್ರಿ. ಆದ್ರೆ ಸೈನ್ ಮೊದಲು."

ಅವರಿಗೆ ಅದು ತಮಾಷೆ. ನನಗೆ ಆಮೇಲೆ ಇಳಿಯುವವರೆಗೂ ಕಣ್ಣು ಹತ್ತಲಿಲ್ಲ.

ಲೈಪ್ಸಿಗ್‌ಗೆ ಹೋಗುವ ರೈಲು

ಅಲ್ಲಿನ ರೈಲುಗಳಲ್ಲಿ ಮಾತಾಡಬಾರದ ಬೋಗಿ ಎಂದು ಒಂದಿರುತ್ತದೆ. ನಮಗೆ ಸಿಕ್ಕಿದ್ದು ಅದೇ. ಗೊತ್ತಿಲ್ಲದೆ ನಾನು ಫೋನಿನಲ್ಲಿ ರೆನಾಟೆಯ ಹಳೆಯ ಧ್ವನಿ ಸಂದೇಶ ಹಾಕಿಕೊಂಡೆ. ಅವಳ ದನಿಗೆ ಕಿವಿ ಒಗ್ಗಿರಲಿ, ಎದುರು ನಿಂತಾಗ ತಬ್ಬಿಬ್ಬಾಗಬಾರದು ಎಂದು. ಎದುರಿನ ಹಿರಿಯರು ಏನೂ ಅನ್ನದೆ ಗಾಜಿನ ಮೇಲಿನ ಚಿತ್ರದ ಕಡೆ ಬೆರಳು ತೋರಿಸಿದರು. ತುಟಿಯ ಮೇಲೆ ಬೆರಳಿಟ್ಟ ಒಂದು ಮುಖ. ಕೆ.ಆರ್. ಪುರದಿಂದ ಬರುವ ಮೆಟ್ರೋದಲ್ಲಿ ಒಬ್ಬರ ಫೋನಿನ ಧಾರಾವಾಹಿಯನ್ನು ಇಡೀ ಬೋಗಿ ಕೇಳುತ್ತಾ, ತಪ್ಪಿಹೋದ ಭಾಗವನ್ನು ಪಕ್ಕದವರಿಂದ ತಿಳಿದುಕೊಳ್ಳುವುದು ನಮ್ಮ ರೂಢಿ. ಇಲ್ಲಿ ಸೆಲ್ವಣ್ಣ ಚಕ್ಕುಲಿ ಮುರಿಯಲು ಹೆದರಿ ಬಾಯಲ್ಲಿಟ್ಟು ನೆನೆಸಿ ತಿಂದರು.

ಹೊರಗೆ ಹಸಿರು ಗದ್ದೆಯಂತಹ ಬಯಲು, ಬಿಳಿ ಗಾಳಿಯಂತ್ರಗಳು. ನೋಡಿದೆ ಅಂದರೆ ನೋಡಿದೆ. ತೊಡೆಯ ಮೇಲೆ ಫೋನು ಮಗುಚಿ ಇಟ್ಟುಕೊಂಡಿದ್ದೆ. ಎರಡು ನಿಮಿಷಕ್ಕೊಮ್ಮೆ ಎತ್ತುತ್ತಿದ್ದೆ. ಲೈಪ್ಸಿಗ್‌ನಲ್ಲಿ ಇಳಿದು ಒಂದು ಸಾಲು ಕಳಿಸಿದೆ: "ನಿನ್ನ ದೇಶಕ್ಕೆ ಬಂದಿದ್ದೇನೆ. ಭಾನುವಾರ ಮೂರು ಗಂಟೆಗೆ ನಿನ್ನ ಮನೆಗೆ ಬರುತ್ತೇನೆ." ರೈಲು ಬದಲಿಸುವಷ್ಟರಲ್ಲಿ ಗೆರೆ ನೀಲಿಯಾಯಿತು. ಅಷ್ಟೇ.

ತರಬೇತಿಯ ಊರು

ಆ ಊರಿನ ಕಾರ್ಖಾನೆಯಲ್ಲಿ ಮಧ್ಯಾಹ್ನ ಹನ್ನೆರಡಾದರೆ ಎದುರಿಗೆ ಸಿಕ್ಕವರೆಲ್ಲ "ಮಾಲ್‌ಟ್ಸೈಟ್" ಎನ್ನುತ್ತಾರೆ. ಊಟದ ಹೊತ್ತು ಎಂದರ್ಥ. ನಮಸ್ಕಾರದ ಬದಲು ಅದೇ. ನಮ್ಮಲ್ಲಿ ಊಟ ಆಯ್ತಾ ಎಂದು ಕೇಳಿದರೆ ಉತ್ತರಕ್ಕೆ ನಿಲ್ಲುತ್ತೇವೆ. ಇವರು ನಿಲ್ಲುವುದಿಲ್ಲ, ಹೇಳಿಕೊಂಡೇ ದಾಟಿಹೋಗುತ್ತಾರೆ. ಮೊದಲ ದಿನ ಸೆಲ್ವಣ್ಣ ಪ್ರತಿಯೊಬ್ಬರಿಗೂ ನಿಂತು "ಆಯ್ತು ಸಾರ್, ನಿಮ್ದು?" ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು. ಮೂರನೆಯ ದಿನದ ಹೊತ್ತಿಗೆ ಇಬ್ಬರು ನಿಲ್ಲತೊಡಗಿದ್ದರು.

ನನ್ನ ಗತಿ ಬೇರೆ. ಬರೆಯುವುದರಲ್ಲಿ ನಾನು ಗಟ್ಟಿ. ಫೋನಿನಲ್ಲಿ ಒಂದು ವಾಕ್ಯಕ್ಕೆ ಹತ್ತು ನಿಮಿಷ ತೆಗೆದುಕೊಳ್ಳಬಹುದು, ಅಳಿಸಬಹುದು, ಅತ್ತೆಗೆ ಮಜ್ಜಿಗೆ ಕೊಟ್ಟು ಬಂದು ಮುಂದುವರಿಸಬಹುದು. ಬಾಯಿ ತೆರೆದರೆ ಎದುರಿನವರು ಕಾಯುತ್ತಾರೆ, ಆ ಕಾಯುವಿಕೆಗೆ ಕಲಿತ ಪದವೆಲ್ಲ ಮರೆತುಹೋಗುತ್ತದೆ. ತರಬೇತುದಾರರು ಅರ್ಥವಾಯಿತೇ ಎಂದಾಗಲೆಲ್ಲ ನಾನು ಫೋನು ತೆಗೆದು ಉತ್ತರ ಟೈಪ್ ಮಾಡಿ ತೋರಿಸಿದೆ. ಅವರು ಓದಿ, ತಪ್ಪಿಲ್ಲ ಎಂದು ಹೆಬ್ಬೆರಳು ಎತ್ತುತ್ತಿದ್ದರು. ಹೀಗಾದರೆ ಎದುರಿಗೆ ನಿಂತು ಕ್ಷಮೆ ಕೇಳುವುದಾದರೂ ಹೇಗೆ ಎಂಬ ಹೊಸ ಚಿಂತೆ ಹತ್ತಿತು.

ಅಲ್ಲಿನ ಸ್ಟೋರ್ ನೋಡುವ ಹೆಂಗಸಿಗೆ ಭಾನುವಾರದ ವಿಷಯವನ್ನೂ ಟೈಪ್ ಮಾಡಿ ತೋರಿಸಿದೆ. ಅವಳು ಹಿಡಿದಿದ್ದ ಪೆಟ್ಟಿಗೆ ಕೆಳಗಿಟ್ಟಳು. "ಅವಳು ಬಾ ಎಂದಳೇ?" ಇಲ್ಲ ಎಂದೆ. "ಹಾಗಾದರೆ ಹೋಗಬೇಡ. ಕರೆಯದ ಮನೆಗೆ ಇಲ್ಲಿ ಯಾರೂ ಹೋಗುವುದಿಲ್ಲ."

ಸೆಲ್ವಣ್ಣನಿಗೆ ಹೇಳಿದೆ. ಅವರು ಕೈ ಒರೆಸಿಕೊಂಡರು. "ನಮ್ ಬೀದೀಲಿ ಫೋನ್ ಮಾಡಿ ಬಂದ್ರೇನೇ ಭಯ, ಯಾರಿಗೇನಾಯ್ತೋ ಅಂತ. ನೀವು ನಡೀರಿ ಮೇಡಂ. ಬಾಗ್ಲು ತೆಗೀಲಿಲ್ಲ ಅಂದ್ರೆ ಡಬ್ಬಿ ಇಟ್ಟು ಬರೋಣ."

ಭಾನುವಾರ, ಕೆಮ್ನಿಟ್ಸ್

ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶಿವಾಜಿನಗರ ಒಂದು ಭಾನುವಾರ ಹೀಗೆ ಮುಚ್ಚಿದರೆ ಕರ್ಫ್ಯೂ ಎಂದುಕೊಳ್ಳುತ್ತೇವೆ. ಖಾಲಿ ರಸ್ತೆಯಲ್ಲಿ ಒಬ್ಬ ಮುದುಕಪ್ಪ ಕೆಂಪು ದೀಪಕ್ಕೆ ನಿಂತಿದ್ದರು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಗಾಡಿಯಿಲ್ಲ. ನಾವೂ ಅವರ ಹಿಂದೆ ನಿಂತೆವು. ನನ್ನ ಕಾಲು ನಿಲ್ಲುತ್ತಿರಲಿಲ್ಲ.

ವಿಳಾಸ ನನ್ನಲ್ಲಿತ್ತು. ಹಿಂದೊಮ್ಮೆ ಕ್ರಿಸ್‌ಮಸ್‌ಗೆ ಅವಳು ಕಳಿಸಿದ ಕೇಕಿನ ಪೊಟ್ಟಣದ ಮೇಲಿನಿಂದ ಬೀದಿ, ಮನೆ ನಂಬರು, ಮೂರನೇ ಮಹಡಿ ಎಲ್ಲ ಬರೆದುಕೊಂಡಿದ್ದೆ. ಉದ್ದನೆಯ ಹಳದಿ ಕಟ್ಟಡ ಸಿಕ್ಕಿತು. ಬಾಗಿಲ ಪಕ್ಕ ಎರಡು ಸಾಲಿನಲ್ಲಿ ಕರೆಗಂಟೆಯ ಹತ್ತು ಗುಂಡಿಗಳು, ಒಂದೊಂದರ ಎದುರೂ ಒಂದು ಮನೆತನದ ಹೆಸರು. ಮಹಡಿಯ ನಂಬರೂ ಇಲ್ಲ, ರೆನಾಟೆ ಎಂಬ ಹೆಸರೂ ಇಲ್ಲ. ಅವಳ ಮನೆತನದ ಹೆಸರು ನನಗೆ ಗೊತ್ತಿರಲಿಲ್ಲ. ಪೊಟ್ಟಣ ಬಿಚ್ಚುವಾಗ ಅತ್ತೆ ಕತ್ತರಿ ಆಡಿಸಿದ್ದು ಸರಿಯಾಗಿ ಅದರ ಮೇಲೆಯೇ. ಫೋನಿನಲ್ಲಿ ಬರೀ ರೆನಾಟೆ. ಮೂರು ವರ್ಷ ಅವಳ ಮನೆಯಲ್ಲಿ ಯಾವ ರಾತ್ರಿ ಯಾವ ಸೂಪು ಎಂದು ತಿಳಿದವಳಿಗೆ ಅವಳ ಪೂರ್ತಿ ಹೆಸರು ಗೊತ್ತಿಲ್ಲ.

"ಜೋಗುಪಾಳ್ಯ ಆಗಿದ್ರೆ ಕೆಳಗಡೆ ನಿಂತು ಯಾರನ್ನಾದ್ರೂ ಕೇಳ್ಬಹುದಿತ್ತು" ಎಂದೆ.

"ಜೋಗುಪಾಳ್ಯ ಆಗಿದ್ರೆ ಇಷ್ಟೊತ್ಗೆ ಅವ್ರೇ ಬಂದು ನಮ್ಮನ್ನ ಕೇಳಿರೋರು" ಎಂದರು ಸೆಲ್ವಣ್ಣ. ಬೀದಿಯಲ್ಲಿ ಒಂದು ನರಪಿಳ್ಳೆಯಿರಲಿಲ್ಲ.

ಫೋನು ತೆಗೆದು ಟೈಪ್ ಮಾಡಲು ಹೊರಟೆ. ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ಕೊನೆಗೆ ಧ್ವನಿಯಲ್ಲೇ ಹೇಳಿದೆ, ಚೀಟಿ ನೋಡದೆ, ಬಂದ ಹಾಗೆ: "ರೆನಾಟೆ, ನಾನು ಗಿರಿಜಾ. ಕೆಳಗಿದ್ದೇನೆ. ಯಾವ ಗುಂಡಿ ಒತ್ತಬೇಕು ಗೊತ್ತಿಲ್ಲ."

ಗೆರೆ ನೀಲಿಯಾಯಿತು. ಏನೂ ಆಗಲಿಲ್ಲ. ಸೆಲ್ವಣ್ಣ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಡಲು ಬಗ್ಗಿದರು. ಆಗ ಮೇಲೆ ಒಂದು ಕಿಟಕಿ ತೆರೆಯಿತು. ಬಿಳಿ ಕೂದಲಿನ, ಕನ್ನಡಕ ಹಣೆಗೇರಿಸಿಕೊಂಡ ಒಬ್ಬಳು ಕೆಳಗೆ ನೋಡಿದಳು.

"ಬಲಗಡೆ, ಮೇಲಿನಿಂದ ಎರಡನೆಯದು" ಎಂದಳು, ಮೇಲಿನಿಂದಲೇ ತಾನು ಬಾಗಿಲು ತೆಗೆಯಬಹುದೆಂಬುದನ್ನು ಮರೆತವಳಂತೆ.

ಸೆಲ್ವಣ್ಣ ಮೇಲೆ ಬರಲಿಲ್ಲ. "ನಿಮ್ಮಿಬ್ಬರದ್ದು ನೀವು ಮುಗಿಸ್ಕೊಳ್ಳಿ" ಎಂದು ಡಬ್ಬಿ ನನ್ನ ಕೈಗಿಟ್ಟು ಬಸ್ ನಿಲ್ದಾಣದ ಕಡೆ ನಡೆದರು.

ಮೂರನೇ ಮಹಡಿ

ನಮ್ಮಂತೆಯೇ ಅವರೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ರೆನಾಟೆ ನನಗೆ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಕೊಟ್ಟಳು. ಅವು ಅವಳ ತಾಯಿಯವು ಎಂದು ಅಳತೆಯಿಂದಲೇ ತಿಳಿಯಿತು. ಅಡುಗೆಮನೆಯ ಮೇಜಿಗೆ ಕೂತೆವು. ಉರು ಹೊಡೆದ ನಾಲ್ಕು ವಾಕ್ಯಗಳಲ್ಲಿ ಒಂದೂವರೆ ಬಂತು. ಫೋನಿಗೆ ಕೈ ಹಾಕಿದೆ.

"ಅದನ್ನು ಇಡು" ಎಂದಳು.

"ನಿನಗೆ ಸಿಟ್ಟು ಬಂದಿತ್ತು" ಎಂದೆ.

ಅವಳು ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಆ ದಿನ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡಿದರು. ಆಶ್ರಮದವರು, ನನ್ನ ಅಣ್ಣ, ಟ್ಯಾಕ್ಸಿಯವನು ಕೂಡ. ನೀನೊಬ್ಬಳು ತಪ್ಪು ತಿದ್ದಿದೆ. ಓದಿ ಅಳು ಬಂತು. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಮರುದಿನ ನೋಡಿದರೆ ಆ ಇಡೀ ದಿನದಲ್ಲಿ ಎಂದಿನಂತೆ ಇದ್ದದ್ದು ನೀನು ತಿದ್ದಿದ್ದೊಂದೇ."

"ಮತ್ತೆ ಬರೆಯಲಿಲ್ಲ ಯಾಕೆ?"

ಅವಳು ಎದ್ದು ಫ್ರಿಜ್ಜಿನ ಮೇಲಿನಿಂದ ಒಂದು ನೋಟುಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಎಂದಿನ ಇಂಗ್ಲಿಷಿನಲ್ಲಿ, ದಿನಕ್ಕೊಂದು ಪುಟ. ಐದು ಕೆಲಸ. ಊಟ. ಕೊನೆಯ ಸಾಲಿನಲ್ಲಿ "ಮೊದಲು ಮಲಗಿದವರು" ಎಂದು ಬರೆದು ಎದುರಿಗೆ ಖಾಲಿ. ಪುಟ ತಿರುಗಿಸಿದೆ. ಖಾಲಿ. ಅದರ ಮುಂದೆಯೂ. ಎಣಿಸುವುದು ನನ್ನ ಕೆಲಸ, ಎಣಿಸಿದೆ. ನಲವತ್ತೊಂದು ಪುಟ. ನಾನು ಕಾದ ದಿನಗಳೂ ಅಷ್ಟೇ.

"ಕೊನೆಯ ಸಾಲು ಬರೆದು ಕಳಿಸು ಎಂದಿದ್ದೆಯಲ್ಲ" ಎಂದಳು ರೆನಾಟೆ. "ದಿನಾ ಕೂತು ಬರೆದೆ. ಅಲ್ಲಿಗೆ ಬಂದು ನಿಂತೆ. ಒಬ್ಬಳೇ ಇರುವ ಮನೆಯಲ್ಲಿ ಏನು ಬರೆಯಲಿ? ನಾಳೆ ಹೊಳೆಯಬಹುದು ಎಂದು ಇಡುತ್ತಾ ಬಂದೆ. ನಿನ್ನ ಕ್ಷಮೆಗೆ ಉತ್ತರ ಕೊಟ್ಟರೆ ಪಟ್ಟಿಯನ್ನೂ ಕಳಿಸಬೇಕಾಗುತ್ತಿತ್ತು."

ನಾನು ಇಪ್ಪತ್ತಾರು ವರ್ಷ ಖಾಲಿ ಖಾನೆ ಕಂಡರೆ ತುಂಬಿಸಿದವಳು. ಆ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತೆ. ನಾಲ್ಕು ಗಂಟೆಯಾಯಿತು. "ತಾಯಿಗೆ ಕಾಫಿ ಹೊತ್ತು" ಎಂದು ಅವಳು ಎದ್ದಳು. ಹಳೆಯ ಪಟ್ಟಿಗಳಿಂದ ಅದು ನನಗೆ ಗೊತ್ತಿತ್ತು.

ಆಶ್ರಮ ಎರಡು ಬೀದಿ ಆಚೆ. ತಾಯಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಹಲ್ಲು ಒಂದೂ ಇರಲಿಲ್ಲ. ಇದ್ದ ಕಟ್ಟುಹಲ್ಲು ಲೋಟದಲ್ಲಿತ್ತು. ಕೋಡುಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಬೆರಳಿಗೆ ಉಂಗುರದಂತೆ ಸಿಕ್ಕಿಸಿಕೊಂಡರು. ಆಮೇಲೆ ಕಾಫಿಯಲ್ಲಿ ಅದ್ದಿದರು. ಅದ್ದಿಟ್ಟುಕೊಂಡು ಮೆತ್ತಗಾಗುವವರೆಗೆ ಕಾಯುವ ತಾಳ್ಮೆ ನಮ್ಮತ್ತೆಯದೇ. ಖಾರಕ್ಕೆ ಕಣ್ಣು ಮಿಟುಕಿಸಿ, ಇನ್ನೊಂದಕ್ಕೆ ಕೈ ಚಾಚಿದರು. ಹೊರಡುವಾಗ ನನ್ನ ತೋಳು ಹಿಡಿದು, ಮಗಳು ಅಲ್ಲಿಲ್ಲವೇ ಇಲ್ಲ ಎಂಬಂತೆ ದೂರು ಹೇಳಿದರು: "ಇವಳು ಮಲಗುವುದೇ ಇಲ್ಲ. ನಾನು ಮಲಗುವುದನ್ನೇ ಕಾಯುತ್ತಾಳೆ. ನೀನಾದರೂ ಹೇಳು."

ನಿಲ್ದಾಣಕ್ಕೆ ಬಂದರೆ ಬಸ್ಸಿರಲಿಲ್ಲ. ವೇಳಾಪಟ್ಟಿಯಲ್ಲಿ ನಾನು ನೋಡಿಟ್ಟುಕೊಂಡಿದ್ದು ವಾರದ ದಿನಗಳ ಸಾಲು. ಭಾನುವಾರದ ಕೊನೆಯ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ಮುಂಚಿನ ಬಸ್ಸಿನಲ್ಲೇ ವಾಪಸಾಗಿದ್ದ ಸೆಲ್ವಣ್ಣನಿಗೆ ಫೋನು ಮಾಡಿದೆ. "ಸ್ಟೋರ್ ಮೇಡಂ ತಪ್ ಸಾಲು ನೋಡಿದ್ರಾ" ಎಂದು ಅವರು ನಕ್ಕಿದ್ದು ರೆನಾಟೆಗೂ ಕೇಳಿಸಿತು. ಅವಳು ಏನಂತೆ ಎಂದು ಕೇಳಿದಳು. ಜರ್ಮನ್ನಿನಲ್ಲಿ ಹೇಳಿದೆ, ನಿಲ್ಲಿಸದೆ, ಒಂದೇ ಉಸಿರಿನಲ್ಲಿ. ಅವಳು ಎರಡು ತಪ್ಪು ತಿದ್ದಿದಳು. "ಮೊದಲ ಬಸ್ಸು ಬೆಳಗ್ಗೆ ಐದೂಮುಕ್ಕಾಲಿಗೆ. ನಾನು ಎಬ್ಬಿಸುತ್ತೇನೆ" ಎಂದಳು.

ಊಟ ಮುಗಿಸಿ ಮೇಜು ಒರೆಸಿ ಅವಳು ನೋಟುಪುಸ್ತಕ ತೆಗೆದಳು. ನಲವತ್ತೆರಡನೆಯ ಪುಟದಲ್ಲಿ ಐದು ಕೆಲಸ ಬರೆದಳು. ಮೊದಲನೆಯದು ಕಿಟಕಿ ತೆರೆದದ್ದು. ಊಟದ ಸಾಲನ್ನೂ ಬರೆದು, ಕೊನೆಯದರ ಹತ್ತಿರ ಬಂದು ಪೆನ್ನು ನನ್ನ ಕಡೆ ಚಾಚಿದಳು. "ಇದನ್ನು ಎಚ್ಚರವಿದ್ದವರು ಬರೆಯಬೇಕು" ಎಂದು ಹೇಳಿ ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಲಿಲ್ಲ.

ನಾನು ಅವಳ ತಾಯಿಯ ಹಾಸಿಗೆಯ ಅಂಚಿನಲ್ಲಿ ಕೂತು ಕಿವಿಗೊಟ್ಟೆ. ಹೊರಗೆ ಇನ್ನೂ ಹಗಲಿನಂತೆ ಬೆಳಕಿತ್ತು. ಮಂಚ ಎರಡು ಸಲ ಕಿರುಗುಟ್ಟಿತು. ಆಮೇಲೆ ಉಸಿರು ಉದ್ದವಾಯಿತು, ಅದರ ಹಿಂದೆಯೇ ಸಣ್ಣಗೆ ಗೊರಕೆ. ಎದ್ದು ಹೋಗಿ ಅವಳ ಕಿಟಕಿಯ ಪರದೆ ಎಳೆದು ಬಂದು ಪೆನ್ನು ತೆಗೆದುಕೊಂಡೆ. ಮೂರು ವರ್ಷದ ಪಟ್ಟಿಗಳಲ್ಲಿ ಆ ಸಾಲಿನಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಊಟ: ಆಲೂಗಡ್ಡೆ ಸೂಪು, ಕಪ್ಪು ಬ್ರೆಡ್ಡು, ಡಬ್ಬಿಯಲ್ಲಿ ಉಳಿದಿದ್ದ ಮೂರು ಕೋಡುಬಳೆ.

ಮೊದಲು ಮಲಗಿದವರು: ರೆನಾಟೆ, ಎಂಟೂ ನಲವತ್ತಕ್ಕೆ.